ಕೈ ಊರದೆ

ಎಂಬತ್ತು ಕಿಲೋ ಸಕ್ಕರೆ ಮೂಟೆ
ಬೆನ್ನಿಗೆ ಬಿದ್ದಾಗ ಒಂದು ಸದ್ದು ಬರುತ್ತಿತ್ತು,
ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ.
ವಾಲ್ಪರೈಸೊ ಬಂದರಿನಲ್ಲಿ ಮೂವತ್ತೊಂದು ವರ್ಷ
ಆ ಸದ್ದೇ ನನ್ನ ಸಂಬಳ.

ಈಗ ಗುಡ್ಡದ ದವಾಖಾನೆಯಲ್ಲಿ
ನಯಾರೆತ್ ಎಂಬ ಹುಡುಗಿ, ಮೊಮ್ಮಗಳ ಓರಗೆ,
ಕುರ್ಚಿಯನ್ನು ಗೋಡೆಗೆ ಒತ್ತರಿಸಿ ಹೇಳುತ್ತಾಳೆ:
"ದೋನ್ ಎಲೆಉತೇರಿಯೊ, ಕೈ ಎದೆಗೆ ಕಟ್ಟಿಕೊಳ್ಳಿ.
ಏಳಿ, ಕೂರಿ, ಏಳಿ. ಅರ್ಧ ನಿಮಿಷ.
ಕೈ ಊರಬಾರದು."

ಊರಬಾರದಂತೆ!
ಕುರ್ಚಿಯ ತೋಳು ಹಿಡಿಯದೆ ನಾನೆದ್ದು
ಎಷ್ಟು ಕಾಲವಾಯಿತೆಂದು
ಹೆಂಡತಿಗೂ ಹೇಳಿರಲಿಲ್ಲ.
ಐದು. ಆರನೆಯದು ಅರ್ಧಕ್ಕೇ ನಿಂತಿತು,
ಕರೆಂಟು ಹೋದ ಗುಡ್ಡದ ಲಿಫ್ಟಿನಂತೆ,
ಮೇಲೂ ಇಲ್ಲ ಕೆಳಗೂ ಇಲ್ಲ, ತೊಡೆ ಗಡಗಡ.
"ಸ್ನಾಯು ಕರಗಿದೆ" ಅಂದಳು,
ಡಬ್ಬಿಯಲ್ಲಿ ಉಪ್ಪು ಮುಗಿದಿದೆ ಅನ್ನುವಷ್ಟು ಸಲೀಸಾಗಿ.

ಎಲ್ಲಿಗೆ ಹೋಯಿತು? ಯಾರೂ ಕದ್ದಿಲ್ಲ.
ಕದ್ದಿದ್ದರೆ ಹಿಡಿದು ನಾಲ್ಕು ಬಿಗಿಯಬಹುದಿತ್ತು.
ಟೀವಿ ಮುಂದಿನ ಸೋಫಾ, ರಾತ್ರಿಯೂಟದ ಬದಲು ಚಹಾ-ಬ್ರೆಡ್ಡು,
ಮೆಟ್ಟಿಲಿಳಿಯಲು ಬೇಸರಪಟ್ಟು ಮುಂದೂಡಿದ ಮಂಗಳವಾರಗಳು
ಚಟಾಕು ಚಟಾಕಾಗಿ ತಿಂದು ಬಾಯಿ ಒರೆಸಿಕೊಂಡವು.

ಎರಡು ಕೈಗೆ ಎರಡು ಪೊಟ್ಟಣ ಕಾಳು ಕೊಟ್ಟಳು, ಕಿಲೋ ಕಿಲೋ.
ಸಕ್ಕರೆ ಹೊತ್ತವನ ಕೈಗೆ ಕಾಳು!
ನಕ್ಕುಬಿಟ್ಟೆ. ಹತ್ತನೆಯ ಸಲ ಎತ್ತುವಾಗ ನಗು ನಿಂತಿತ್ತು.
"ತಿಂಗಳು ಪೂರ್ತಿ ಎತ್ತಿ,
ಆಮೇಲೆ ಬೇಯಿಸಿ ತಿನ್ನಿ" ಅಂದಳು. "ಮೊಟ್ಟೆ, ಮೀನೂ ಇರಲಿ."

ನೂರ ಹನ್ನೆರಡು ಮೆಟ್ಟಿಲು ಮೇಲೆ
ಬೌದಿಲಿಯೊ ಹಾಸಿಗೆ ಹಿಡಿದಿದ್ದ.
ಮೂಟೆ ಎತ್ತಿ ನನ್ನ ಬೆನ್ನಿಗೆ ಕೂರಿಸುತ್ತಿದ್ದವನು ಅವನೇ.
"ನನ್ನನ್ನು ಇಳಿಸುವಾಗ ನೀನು ಹೆಗಲು ಕೊಡು.
ಹೆಣದ ಗಾಡಿ ಇಲ್ಲಿಗೆ ಹತ್ತುವುದಿಲ್ಲ,
ಈಗಿನ ಹುಡುಗರು ತಿರುವಿನಲ್ಲಿ ಓರೆ ಮಾಡುತ್ತಾರೆ."
ಆಗಲಿ ಎಂದೆ. ಮತ್ತೇನೆನ್ನಲಿ?
ಐದೂವರೆ ಸಲ ಎದ್ದವನು ನಾನು ಎನ್ನಲೇ?

ಚಳಿಗಾಲ ಪೂರ್ತಿ ಎದ್ದೆ, ಕೂತೆ.
ಗ್ಯಾಸಿನವನು ಸಿಲಿಂಡರಿಗೆ ಕಬ್ಬಿಣ ಬಡಿದುಕೊಂಡು
ಓಣಿ ದಾಟುವ ಹೊತ್ತಿಗೆ ಒಂದು ಸುತ್ತು.
ಈರುಳ್ಳಿ ಹೆಚ್ಚುತ್ತಾ ಒರ್ಫೆಲಿನಾ ಎಣಿಸುತ್ತಿದ್ದಳು,
ಎಂಟಾದರೆ ಏಳೆನ್ನುವ ಕಳ್ಳಲೆಕ್ಕ.
ಮರುದಿನದ ತೊಡೆನೋವು ಮಾತ್ರ ಪರಿಚಯದ್ದು,
ಹತ್ತೊಂಬತ್ತರಲ್ಲಿ ಮೊದಲ ವಾರದ ಕೂಲಿ ಜೊತೆ
ಮನೆಗೆ ಬಂದಿದ್ದು ಅದೇ.
ಆಗಸ್ಟಿನಲ್ಲಿ ಹನ್ನೊಂದು.
ಜಾಮಿನ ಭರಣಿಯ ಮುಚ್ಚಳವೂ ಒಂದು ದಿನ ಮಣಿಯಿತು.
ಅವಳು ಮೊದಲೇ ಸಡಿಲಿಸಿದ್ದಳೋ ಏನೋ,
ಕೇಳಲು ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಬೌದಿಲಿಯೊ ಹೋದ.
ಬೇಡ ತಾತ, ಎಂದರು ಅವನ ಮೊಮ್ಮಕ್ಕಳು.
ಮುಂದೆ, ಎಡಕ್ಕೆ ನಿಂತೆ,
ಇಳಿಜಾರಿನಲ್ಲಿ ಭಾರವೆಲ್ಲ ಬರುವ ಜಾಗ.
ಮಂಡಿ ಬಗ್ಗಿಸಿ, ಉಸಿರು ಕಟ್ಟಿ,
ಎಂಬತ್ತು ಕಿಲೋ ನೆನಪಿರುವ ಬೆನ್ನಿನಿಂದ ಎತ್ತಿದೆ.

ಏನೂ ಬರಲಿಲ್ಲ.
ಬರೀ ಹಲಗೆ, ಮೊಳೆ, ನಾಲ್ಕು ಹೂವು.
ಎತ್ತಿದ ರಭಸಕ್ಕೆ ಪೆಟ್ಟಿಗೆ ನನ್ನ ಕಡೆ ಮೇಲೆದ್ದು
ಓರೆ ಮಾಡಿದವನು ನಾನೇ ಆದೆ.
ಮೂಟೆ ಹೊರಿಸುತ್ತಿದ್ದವನು
ಅರ್ಧ ಮೂಟೆಗೂ ಸಾಲದೆ ಹೋಗಿದ್ದ,
ಇಷ್ಟು ವರ್ಷ ಅವನ ಮುಂದೆ ಕುರ್ಚಿ ಹಾಕಿ
"ಏಳು ಮಾರಾಯ" ಎಂದವರಿಲ್ಲ.
ನಾನೂ ಅಂದಿರಲಿಲ್ಲ.

ಮಣ್ಣು ಮಾಡಿ ಬಂದು ಕೋಟು ಬಿಚ್ಚದೆ ಕೂತೆ.
ಕೆಳಗೆ ಬಂದರಿನಲ್ಲಿ ಕ್ರೇನು
ಮನೆಯಷ್ಟು ದೊಡ್ಡ ಡಬ್ಬಗಳನ್ನು
ಬೆನ್ನೇ ಇಲ್ಲದೆ ಎತ್ತಿಡುತ್ತಿತ್ತು.
ಕತ್ತಲಾಯಿತು.
"ಆ ಕಾಳು ಎಲ್ಲಿಟ್ಟೆ?" ಅಡುಗೆಮನೆಯಿಂದ ಒರ್ಫೆಲಿನಾ.

ಕೈ ಎದೆಗೆ ಕಟ್ಟಿ
ಎದ್ದೆ.
ಯಾರೂ ಎಣಿಸುತ್ತಿರಲಿಲ್ಲ.